ಕಾಡಿನ ನಡುವಿನ ಹತ್ತು ಸಾವಿರ: ಉತ್ತರ ಕನ್ನಡದ ಸಿದ್ದಿಗಳ ನೆಲೆ ಮತ್ತು ಜನಸಂಖ್ಯೆ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಭೂಗೋಳ ಮತ್ತು ಜನಸಂಖ್ಯೆ ಎಂದರೆ ನಮ್ಮ ಮಕ್ಕಳಿಗೆ ಪರೀಕ್ಷೆಗೆ ಬಾಯಿಪಾಠ ಮಾಡುವ ವಿಷಯ. ನದಿಗಳ ಹೆಸರು, ಮಳೆಯ ಪ್ರಮಾಣ, ಜನಸಾಂದ್ರತೆ ಇಷ್ಟನ್ನು ಬರೆದರೆ ಅಂಕ ಸಿಗುತ್ತದೆ, ಮರುದಿನ ಮರೆತುಹೋಗುತ್ತದೆ. ಆದರೆ ಒಂದು ಸಣ್ಣ ಸಮುದಾಯದ ಮಟ್ಟಿಗೆ ಈ ಎರಡು ವಿಷಯಗಳು ಅನ್ನ, ನೆಲ ಮತ್ತು ಶಾಲೆಯ ಪ್ರಶ್ನೆಗಳಾಗಿ ಬಿಡುತ್ತವೆ. ಎಲ್ಲಿ ವಾಸಿಸುತ್ತೀರಿ, ನಿಮ್ಮನ್ನು ಯಾವ ಹೆಸರಿನಲ್ಲಿ ಎಣಿಸಿದ್ದಾರೆ ಎಂಬ ಎರಡು ಪ್ರಶ್ನೆಗಳ ಉತ್ತರದ ಮೇಲೆ ಒಂದು ಕುಟುಂಬಕ್ಕೆ ಜಮೀನಿನ ಹಕ್ಕು ಸಿಗುವುದೋ ಇಲ್ಲವೋ, ಒಂದು ಮಗುವಿಗೆ ಹಾಸ್ಟೆಲಿನಲ್ಲಿ ಸ್ಥಳ ಸಿಗುವುದೋ ಇಲ್ಲವೋ ಎಂಬುದು ತೀರ್ಮಾನವಾಗುತ್ತದೆ. ಇದನ್ನು ವಿವರಿಸಲು ನಮ್ಮದೇ ರಾಜ್ಯದ ಒಂದು ಉದಾಹರಣೆಯನ್ನು ಆರಿಸಿಕೊಂಡಿದ್ದೇನೆ. ಅವರೇ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು.

ನೆಲೆ ಎಲ್ಲಿದೆ?

ಉತ್ತರ ಕನ್ನಡ ಜಿಲ್ಲೆಯ ವಿಸ್ತೀರ್ಣ ಸುಮಾರು 10,291 ಚದರ ಕಿಲೋಮೀಟರ್. ಅದರ ಬಹುಪಾಲು ಕಾಡು. 2011ರ ಜನಗಣತಿಯಂತೆ ಇಡೀ ಜಿಲ್ಲೆಯ ಜನಸಂಖ್ಯೆ 14,37,169. ಅಂದರೆ ಒಂದು ಚದರ ಕಿಲೋಮೀಟರಿಗೆ 140 ಜನ. ಇಡೀ ರಾಜ್ಯದ ಸರಾಸರಿ 319. ನೆಲ ವಿಶಾಲ, ಜನ ವಿರಳ; ಆದರೆ ಆ ನೆಲದ ದೊಡ್ಡ ಪಾಲು ಅರಣ್ಯ ಇಲಾಖೆಯದ್ದು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ಈ ಜಿಲ್ಲೆಯನ್ನು ಪಶ್ಚಿಮದಿಂದ ಪೂರ್ವಕ್ಕೆ ಮೂರು ಭಾಗಗಳಾಗಿ ನೋಡಬಹುದು. ಮೊದಲನೆಯದು ಕಾರವಾರದಿಂದ ಭಟ್ಕಳದವರೆಗಿನ ಕರಾವಳಿ. ಎರಡನೆಯದು ಘಟ್ಟದ ಸಾಲು ಮತ್ತು ಅದರ ಮೇಲಿನ ದಟ್ಟ ಮಳೆಕಾಡು. ಜೋಯಿಡಾ, ಯಲ್ಲಾಪುರ, ಶಿರಸಿ, ಸಿದ್ದಾಪುರಗಳು ಇಲ್ಲಿವೆ. ಮೂರನೆಯದು ಪೂರ್ವಕ್ಕೆ ಇಳಿಯುತ್ತಾ ಬಯಲುಸೀಮೆಯನ್ನು ಮುಟ್ಟುವ ಹಳಿಯಾಳ, ಮುಂಡಗೋಡ ತಾಲೂಕುಗಳು. ಪೂರ್ವಕ್ಕೆ ಹೋದಂತೆ ಮಳೆ ಕಡಿಮೆಯಾಗುತ್ತದೆ. ಅಡಿಕೆ ತೋಟ ಮುಗಿದು ಭತ್ತ, ಹತ್ತಿ, ಕಬ್ಬಿನ ಹೊಲ ಶುರುವಾಗುತ್ತದೆ. ಹಸಿರು ಮಳೆಕಾಡಿನ ಬದಲು ಎಲೆ ಉದುರಿಸುವ ಸಾಗವಾನಿ ಕಾಡು ಕಾಣುತ್ತದೆ. ಉತ್ತರದಲ್ಲಿ ಕಾಳಿ, ನಡುವೆ ಬೇಡ್ತಿ ಎಂಬ ಎರಡು ನದಿಗಳು ಈ ಪ್ರದೇಶವನ್ನು ಸೀಳಿಕೊಂಡು ಪಶ್ಚಿಮ ಸಮುದ್ರ ಸೇರುತ್ತವೆ.

ಸಿದ್ದಿಗಳ ನೆಲೆಗಳು ಹೆಚ್ಚಾಗಿ ಇರುವುದು ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳ ಕಾಡಂಚಿನಲ್ಲಿ. ಅಂಕೋಲಾ, ಜೋಯಿಡಾ, ಶಿರಸಿ ತಾಲೂಕುಗಳಲ್ಲೂ ಇದ್ದಾರೆ. ಜಿಲ್ಲೆಯ ಗಡಿ ದಾಟಿದರೆ ಧಾರವಾಡ ಜಿಲ್ಲೆಯ ಕಲಘಟಗಿ, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕುಗಳಲ್ಲೂ ಅವರ ಮನೆಗಳಿವೆ. ಮುಂಡಗೋಡ ತಾಲೂಕಿನ ಗುಂಜಾವತಿ, ಮೈನಳ್ಳಿ, ಉಗ್ಗಿನಕೇರಿ ಮುಂತಾದ ಹೆಸರುಗಳು ಸಿದ್ದಿಗಳ ಬಗ್ಗೆ ಓದುವವರಿಗೆ ಪರಿಚಿತ. ಕೆಲವು ಕಡೆ ಒಂದೇ ಕೇರಿಯಲ್ಲಿ ಹತ್ತಾರು ಮನೆಗಳು ಸೇರಿಕೊಂಡಿವೆ. ಘಟ್ಟದ ಮೇಲಿನ ಕಾಡಿನಲ್ಲಾದರೆ ನಾಲ್ಕು ಮನೆ ಇಲ್ಲಿ, ಹಳ್ಳ ದಾಟಿ ಎರಡು ಮನೆ ಅಲ್ಲಿ ಎಂಬಂತೆ ಚದುರಿಕೊಂಡಿವೆ.

ಈ ಕಾಡಿಗೆ ಬಂದದ್ದು ಹೇಗೆ?

ಸಿದ್ದಿಗಳ ಪೂರ್ವಜರು ಆಫ್ರಿಕಾದ ಪೂರ್ವ ಭಾಗದವರು. ಅರಬರು ಮತ್ತು ಪೋರ್ಚುಗೀಸರು ಅವರನ್ನು ಗುಲಾಮರಾಗಿ, ಸೈನಿಕರಾಗಿ, ಸೇವಕರಾಗಿ ಭಾರತದ ಪಶ್ಚಿಮ ಕರಾವಳಿಗೆ ತಂದರು. 1510ರಲ್ಲಿ ಗೋವಾ ಪೋರ್ಚುಗೀಸರ ವಶವಾದ ಮೇಲೆ ಮೊಜಾಂಬಿಕ್ ಕಡೆಯಿಂದ ಗುಲಾಮರನ್ನು ತರುವುದು ಶತಮಾನಗಳ ಕಾಲ ನಡೆಯಿತು. ಗೋವಾದಿಂದ ತಪ್ಪಿಸಿಕೊಂಡವರಿಗೆ, ಬಿಡುಗಡೆ ಹೊಂದಿದವರಿಗೆ ಹತ್ತಿರದ ಆಸರೆ ಘಟ್ಟದ ಕಾಡು. ನಕ್ಷೆಯಲ್ಲಿ ಗೋವಾ, ಖಾನಾಪುರ, ಜೋಯಿಡಾ, ಹಳಿಯಾಳ ಇವುಗಳನ್ನು ಒಂದು ಬೆರಳಿನಿಂದ ಸೇರಿಸಿ ನೋಡಿ. ಆ ದಾರಿ ನಿಮಗೇ ಅರ್ಥವಾಗುತ್ತದೆ. ಬೆನ್ನಟ್ಟಿ ಬರುವವರಿಗೆ ಸಿಗದ ಜಾಗವನ್ನು ಅವರು ಹುಡುಕಿಕೊಂಡರು. ಅಂದು ರಕ್ಷಣೆ ಕೊಟ್ಟ ಆ ದೂರವೇ ಇಂದು ಶಾಲೆ, ಆಸ್ಪತ್ರೆ, ಕಚೇರಿಗಳಿಂದ ಅವರನ್ನು ದೂರ ಇಟ್ಟಿದೆ.

2011ರಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ವಿಜ್ಞಾನಿಗಳೂ ಸೇರಿ ಪ್ರಕಟಿಸಿದ ವಂಶವಾಹಿ ಅಧ್ಯಯನ ಈ ಚರಿತ್ರೆಯನ್ನು ಬಲಪಡಿಸಿತು. ಸಿದ್ದಿಗಳ ಮೂಲ ಆಫ್ರಿಕಾದ ಬಾಂಟು ಭಾಷಿಕ ಜನರಲ್ಲಿದೆ, ಜೊತೆಗೆ ಭಾರತೀಯರ ಮತ್ತು ಪೋರ್ಚುಗೀಸರ ಮಿಶ್ರಣವೂ ಇದೆ ಎಂದು ಅದು ತೋರಿಸಿತು.

ಎಲ್ಲ ಆಫ್ರಿಕಾ ಮೂಲದವರೂ ಕಾಡು ಸೇರಿದವರಲ್ಲ. ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹಮದ್‌ನಗರದ ನಿಜಾಮಶಾಹಿಯ ಪ್ರಧಾನಿಯಾದ. 1626ರಲ್ಲಿ ತೀರಿಕೊಳ್ಳುವವರೆಗೆ ಮೊಗಲರನ್ನು ಎದುರಿಸಿ ನಿಂತ. ನಮ್ಮ ವಿಜಯಪುರದ ಆದಿಲ್‌ಶಾಹಿಯಲ್ಲಿ ಇಖ್ಲಾಸ್ ಖಾನ್ ಮಂತ್ರಿಯಾಗಿದ್ದ. ಅಹಮದಾಬಾದಿನಲ್ಲಿ ಕಲ್ಲಿನ ಜಾಲಂದ್ರಕ್ಕೆ ಹೆಸರಾದ ಸಿದಿ ಸೈಯದ್ ಮಸೀದಿ 1573ರ ಕಾಲದ್ದು. ಒಂದೇ ಮೂಲದ ಜನರಲ್ಲಿ ಒಬ್ಬರು ಆಸ್ಥಾನ ಸೇರಿದರು, ಮತ್ತೊಬ್ಬರು ಕಾಡು ಸೇರಿದರು. ಆದ್ದರಿಂದ ಇಂದಿನ ಸಿದ್ದಿಗಳ ಬಡತನಕ್ಕೆ ಅವರ ರಕ್ತ ಕಾರಣವಲ್ಲ. ಅವರಿಗೆ ಸಿಕ್ಕ ನೆಲೆ ಮತ್ತು ಅವಕಾಶ ಕಾರಣ.

ಕಾಡಿನ ಬದುಕು

ಘಟ್ಟದ ಮೇಲಿನ ಸಿದ್ದಿಗಳು ಅಡಿಕೆ ತೋಟಗಳ ಕೂಲಿಯನ್ನು ನಂಬಿದವರು. ಹಳಿಯಾಳ, ಮುಂಡಗೋಡ ಕಡೆಯವರು ಬೇರೆಯವರ ಹೊಲಗದ್ದೆಗಳಲ್ಲಿ ದುಡಿಯುತ್ತಾರೆ, ಕಾಡಂಚಿನ ತುಂಡು ನೆಲದಲ್ಲಿ ಭತ್ತ ಬೆಳೆಯುತ್ತಾರೆ. ಜೇನು, ಸೀಗೆಕಾಯಿ, ಅಂಟುವಾಳ, ಉಪ್ಪಾಗೆ, ಮುರುಗಲು ಇವುಗಳ ಸಂಗ್ರಹ ಹಿಂದಿನಿಂದಲೂ ಇದೆ. ಗೌಳಿಗರು, ಮರಾಠರು, ಹವ್ಯಕರು, ಕುಣಬಿಗಳು ಇವರ ನೆರೆಹೊರೆಯವರು. ಮನೆಮಾತು ಕೊಂಕಣಿಯನ್ನು ಆಧರಿಸಿದ್ದು. ಅದರಲ್ಲಿ ಮರಾಠಿ, ಕನ್ನಡದ ಮಾತುಗಳು ಬೆರೆತಿವೆ. ಹೆಂಗಸರು ಹಳೆಯ ಬಟ್ಟೆಗಳ ತುಂಡು ಜೋಡಿಸಿ ಹೊಲಿಯುವ ಕೌದಿ ಇಂದು ದೇಶದ ಹೊರಗೂ ಪ್ರದರ್ಶನಗೊಂಡಿದೆ. ನಾಲ್ಕು ಮೂಲೆಗೂ ಹೂವಿನಂತೆ ಮಡಚಿದ ಬಟ್ಟೆ ಇಡದೆ ಆ ಕೌದಿ ಪೂರ್ತಿಯಾಯಿತು ಎನ್ನುವುದಿಲ್ಲ. ಡಮಾಮಿ ಎಂಬ ವಾದ್ಯ ಮತ್ತು ಅದರ ಕುಣಿತವೂ ಅವರ ಗುರುತು.

ಎಣಿಕೆ ಏನು ಹೇಳುತ್ತದೆ?

2011ರ ಜನಗಣತಿಯಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಸಿದ್ದಿಗಳ ಸಂಖ್ಯೆ 10,477. ಆಗ ರಾಜ್ಯದ ಜನಸಂಖ್ಯೆ 6 ಕೋಟಿ 10 ಲಕ್ಷಕ್ಕೂ ಹೆಚ್ಚು. ಅಂದರೆ ಸುಮಾರು 5,800 ಜನರಲ್ಲಿ ಒಬ್ಬರು ಸಿದ್ದಿ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಜಿಲ್ಲೆಯ ವಿಸ್ತೀರ್ಣ 10,291 ಚದರ ಕಿ.ಮೀ., ಸಿದ್ದಿಗಳು 10,477. ಇಬ್ಬರನ್ನೂ ಭಾಗಿಸಿದರೆ ಚದರ ಕಿಲೋಮೀಟರಿಗೆ ಒಬ್ಬ ಸಿದ್ದಿ ಎಂಬ ಉತ್ತರ ಬರುತ್ತದೆ. ಗಣಿತ ಸರಿ, ಆದರೆ ಆ ಉತ್ತರದಿಂದ ಪ್ರಯೋಜನವಿಲ್ಲ. ಯಾವ ಸಿದ್ದಿಯೂ ಹಾಗೆ ಒಂಟಿಯಾಗಿ ಕಾಡಿನ ಮಧ್ಯೆ ನಿಂತಿಲ್ಲ. ಸರಾಸರಿ ಎಂಬುದು ಸಣ್ಣ ಸಮುದಾಯಗಳನ್ನು ಕಣ್ಣಿಗೆ ಕಾಣದಂತೆ ಮಾಡಬಲ್ಲದು. ಸಾಕ್ಷರತೆಯನ್ನೇ ನೋಡಿ. 2011ರಲ್ಲಿ ಉತ್ತರ ಕನ್ನಡದ ಸಾಕ್ಷರತೆ ಶೇಕಡಾ 84, ರಾಜ್ಯದ್ದು ಶೇಕಡಾ 75. ಜಿಲ್ಲೆ ಮುಂದಿದೆ ಎಂದು ನಾವು ಸಂತೋಷಪಡುತ್ತೇವೆ. ಅದೇ ವರ್ಷ ರಾಜ್ಯದ ಪರಿಶಿಷ್ಟ ಪಂಗಡಗಳ ಸಾಕ್ಷರತೆ ಶೇಕಡಾ 62 ಮಾತ್ರ. 84ರ ಒಳಗೆ ಅಡಗಿ ಕುಳಿತಿರುವ ಕೇರಿಗಳು ಎಷ್ಟು ಎಂಬುದನ್ನು ಸರಾಸರಿ ನಮಗೆ ಹೇಳುವುದಿಲ್ಲ.

ಇನ್ನೊಂದು ತೊಡಕಿದೆ. ಜನಗಣತಿಯ ಕೋಷ್ಟಕಗಳು ಕಂದಾಯ ಗ್ರಾಮದ ಹೆಸರಿನಲ್ಲಿ ಅಂಕಿ ಕೊಡುತ್ತವೆ. ಆ ಗ್ರಾಮಕ್ಕೆ ಸೇರಿದ ಮಜರೆಗಳ, ಕೇರಿಗಳ ಲೆಕ್ಕ ಅದರೊಳಗೆ ಸೇರಿಹೋಗುತ್ತದೆ. ಗ್ರಾಮದಲ್ಲಿ ಶಾಲೆ ಇದೆ, ರಸ್ತೆ ಇದೆ ಎಂದು ಕಾಗದ ಹೇಳಬಹುದು. ಅದೇ ಗ್ರಾಮದ ಕಾಡಿನೊಳಗಿನ ಕೇರಿಗೆ ಅವೆರಡೂ ಇಲ್ಲದಿರಬಹುದು.

ಕಾಡಿನ ನಡುವೆ ಒಂದು ಗೆರೆ

ಈಗ ನಾನು ಹೇಳಬೇಕೆಂದಿರುವ ಮುಖ್ಯ ಅಂಶಕ್ಕೆ ಬರುತ್ತೇನೆ. ಸ್ವತಂತ್ರ ಭಾರತದ ಜನಗಣತಿಗಳು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳನ್ನು ಬಿಟ್ಟು ಬೇರೆ ಜಾತಿಗಳ ಹೆಸರನ್ನು 2011ರವರೆಗೆ ಎಣಿಸಲಿಲ್ಲ. ಸಿದ್ದಿಗಳು ಕರ್ನಾಟಕದ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಹಾಗಾಗಿ 2001ರ ಗಣತಿಯಲ್ಲಿ ಪಂಗಡವಾಗಿ ಅವರ ಲೆಕ್ಕವೇ ಇಲ್ಲ. ಆ ಪಟ್ಟಿಯಲ್ಲಿ ಅವರ ಪ್ರತ್ಯೇಕ ಸಂಖ್ಯೆ ಸಿಕ್ಕಿದ ಮೊದಲ ಗಣತಿ 2011ರದ್ದು.

ಅಲ್ಲೂ ಒಂದು ಷರತ್ತು ಇತ್ತು. 2003ರ ಆದೇಶದಲ್ಲಿ ಇದ್ದದ್ದು 'ಉತ್ತರ ಕನ್ನಡ ಜಿಲ್ಲೆಯ ಸಿದ್ದಿ' ಎಂದು. ಕಾಡಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಹಳಿಯಾಳದ ಸಿದ್ದಿ ಮನೆತನಕ್ಕೂ ಕಲಘಟಗಿಯ ಸಿದ್ದಿ ಮನೆತನಕ್ಕೂ ಮೂಲ ಒಂದೇ, ಕಸುಬು ಒಂದೇ, ಮಾತು ಒಂದೇ. ಆದರೆ ಗೆರೆಯ ಈಚೆಗಿನವರು ಪರಿಶಿಷ್ಟ ಪಂಗಡ, ಆಚೆಗಿನವರು ಅಲ್ಲ. ಈ ಅನ್ಯಾಯ ಸರಿಯಾಗಲು 2020ರವರೆಗೆ ಕಾಯಬೇಕಾಯಿತು. ಆ ವರ್ಷ ಸಂಸತ್ತು ಮಾಡಿದ ತಿದ್ದುಪಡಿಯಿಂದ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳೂ ಪಟ್ಟಿಗೆ ಸೇರಿದರು. ಅಂದಮೇಲೆ 10,477 ಎಂಬುದು ಹಳೆಯ ಗೆರೆಯೊಳಗಿನ ಸಂಖ್ಯೆ ಎಂಬುದನ್ನು ಮರೆಯಬಾರದು.

ಹದಿನೇಳು ವರ್ಷ ಆ ಗೆರೆಯ ಆಚೆ ಉಳಿದದ್ದರಿಂದ ಏನು ನಷ್ಟವಾಯಿತು? ಅರಣ್ಯ ಹಕ್ಕು ಕಾಯ್ದೆಯನ್ನು ನೋಡಿದರೆ ತಿಳಿಯುತ್ತದೆ. 1974ರಿಂದ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರರಿಗೆ ನೆಲ ಕೊಟ್ಟಿತು. ಕಾಡಿನ ನೆಲ ಉಳುತ್ತಿದ್ದವನು ಯಾರ ಗೇಣಿದಾರನೂ ಅಲ್ಲ, ಬರೀ ಕೂಲಿ ಮಾಡುತ್ತಿದ್ದವನೂ ಅಲ್ಲ. ಹಾಗಾಗಿ ಅವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಕಾಡಿನ ನೆಲ ಸಿಗುವ ದಾರಿ ಇನ್ನೂ ಕಿರಿದಾಯಿತು. ತಲೆಮಾರಿನಿಂದ ಉಳುತ್ತಿದ್ದ ನೆಲಕ್ಕೆ 'ಅತಿಕ್ರಮಣ' ಎಂಬ ಹೆಸರು ಬಂತು.

2006ರ ಅರಣ್ಯ ಹಕ್ಕು ಕಾಯ್ದೆ ಈ ಸ್ಥಿತಿಯನ್ನು ಬದಲಿಸಲು ಬಂದದ್ದು. ಅದರ ಪ್ರಕಾರ ಪರಿಶಿಷ್ಟ ಪಂಗಡದ ಅರಣ್ಯವಾಸಿ 2005ರ ಡಿಸೆಂಬರ್ 13ಕ್ಕಿಂತ ಮೊದಲು ಆ ನೆಲದಲ್ಲಿ ಇದ್ದು, ಅದನ್ನು ಅವಲಂಬಿಸಿದ್ದರೆ ಸಾಕು. ತಾನು ಉಳುವ ನೆಲಕ್ಕೆ 4 ಹೆಕ್ಟೇರ್ ಮಿತಿಯೊಳಗೆ ಹಕ್ಕು ಕೇಳಬಹುದು. ಪಟ್ಟಿಯಲ್ಲಿ ಇಲ್ಲದವರು 'ಇತರ ಪಾರಂಪರಿಕ ಅರಣ್ಯವಾಸಿ'ಗಳು. ಅವರು ಮೂರು ತಲೆಮಾರು, ಅಂದರೆ 75 ವರ್ಷದಿಂದ ಅಲ್ಲಿಯೇ ವಾಸಿಸುತ್ತಿರುವುದನ್ನು ತೋರಿಸಬೇಕು. ಓದು ಬರಹ ತಿಳಿಯದ, ಮಣ್ಣಿನ ಗೋಡೆಯ ಮನೆಯಲ್ಲಿ ಬದುಕಿದ ಕುಟುಂಬ 75 ವರ್ಷದ ಕಾಗದ ಎಲ್ಲಿಂದ ತರಬೇಕು? ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ನಿಯಮ ಹೇಳುತ್ತದೆ ನಿಜ. ಆದರೂ ಒಬ್ಬನಿಗೆ ಒಂದು ದಿನಾಂಕ, ಅವನ ಸೋದರಮಾವನ ಮಗನಿಗೆ 75 ವರ್ಷ ಎಂಬ ವ್ಯತ್ಯಾಸ ಹುಟ್ಟಿದ್ದು ಜಿಲ್ಲೆಯ ಗಡಿಯಿಂದ. ನಕ್ಷೆಯ ಮೇಲಿನ ಒಂದು ಗೆರೆ ಮನುಷ್ಯನ ಬದುಕಿನಲ್ಲಿ ಎಷ್ಟು ಭಾರವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ಬೇಕಿಲ್ಲ.

ಮೂರು ಧರ್ಮ, ಒಂದೇ ಹೆಸರು

ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಯಲ್ಲಾಪುರ, ಅಂಕೋಲಾ ಕಡೆ ಹಿಂದೂ ಸಿದ್ದಿಗಳು ಹೆಚ್ಚು. ಹಳಿಯಾಳ, ಮುಂಡಗೋಡ ಕಡೆ ಮುಸ್ಲಿಂ ಮತ್ತು ಕ್ರೈಸ್ತ ಸಿದ್ದಿಗಳು ಹೆಚ್ಚು. ಧರ್ಮ ಬೇರೆಯಾದರೂ ತಾವೆಲ್ಲ ಸಿದ್ದಿಗಳು ಎಂಬ ಭಾವನೆ ಗಟ್ಟಿಯಾಗಿದೆ. ಒಂದೇ ಹಾಡಿಗೆ ಕುಣಿಯುತ್ತಾರೆ, ಸುಖದುಃಖಕ್ಕೆ ಸೇರುತ್ತಾರೆ. ಪಟ್ಟಿಗೆ ಸೇರಬೇಕೆಂಬ ಬೇಡಿಕೆಯನ್ನೂ ಅವರು ಒಟ್ಟಾಗಿಯೇ ಮುಂದಿಟ್ಟರು.

ನಮ್ಮ ಸಂಘದ ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಒಂದು ಕಾನೂನಿನ ಅಂಶ ಇಲ್ಲಿದೆ. ಪರಿಶಿಷ್ಟ ಜಾತಿಗೆ ಧರ್ಮದ ಷರತ್ತು ಇದೆ. 1950ರ ಆದೇಶದಲ್ಲಿ ಅದು ಹಿಂದೂಗಳಿಗೆ ಸೀಮಿತವಾಗಿತ್ತು, 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ಪರಿಶಿಷ್ಟ ಪಂಗಡಕ್ಕೆ ಅಂತಹ ಷರತ್ತು ಇಲ್ಲ. ಲಕ್ಷದ್ವೀಪವನ್ನೇ ನೋಡಿ. 2011ರ ಗಣತಿಯಂತೆ ಅಲ್ಲಿನ ಜನರಲ್ಲಿ ಶೇಕಡಾ 94ಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು, ಅವರು ಬಹುತೇಕ ಮುಸ್ಲಿಮರೇ. ಆದ್ದರಿಂದ ಮುಸ್ಲಿಂ ಸಿದ್ದಿ ವಿದ್ಯಾರ್ಥಿ ಪರಿಶಿಷ್ಟ ಪಂಗಡದ ವಿದ್ಯಾರ್ಥಿಯೂ ಹೌದು, ಅಲ್ಪಸಂಖ್ಯಾತ ಸಮುದಾಯದ ವಿದ್ಯಾರ್ಥಿಯೂ ಹೌದು. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಆದರೆ ಶಾಲೆಗೆ ಸೇರಿಸುವಾಗ ದಾಖಲಾತಿ ಪುಸ್ತಕದ ಜಾತಿ ಕಲಮಿನಲ್ಲಿ ಬರೀ 'ಮುಸ್ಲಿಂ' ಎಂದು ಬರೆದುಬಿಟ್ಟರೆ ಏನಾಗುತ್ತದೆ ಯೋಚಿಸಿ. ಹತ್ತು ವರ್ಷದ ನಂತರ ಆ ಹುಡುಗಿ ಕಾಲೇಜಿಗೆ ಸೀಟು ಕೇಳುವಾಗ ನಾಡಕಚೇರಿಯಲ್ಲಿ ಮೊದಲು ನೋಡುವುದು ಆ ಪುಸ್ತಕವನ್ನು. 'ಸಿದ್ದಿ' ಎಂಬ ಎರಡಕ್ಷರ ಬಿಟ್ಟುಹೋದದ್ದಕ್ಕೆ ಅವಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ನಮ್ಮ ಸಮುದಾಯದವರು ನಡೆಸುವ ಶಾಲೆಗಳಲ್ಲಾದರೂ ಧರ್ಮದ ಕಲಮಿನಲ್ಲಿ ಧರ್ಮವನ್ನು, ಜಾತಿಯ ಕಲಮಿನಲ್ಲಿ ಸಿದ್ದಿ ಎಂದು ಸರಿಯಾಗಿ ಬರೆಯಬೇಕು. ಇದಕ್ಕೆ ಹಣ ಬೇಡ, ಎಚ್ಚರ ಇದ್ದರೆ ಸಾಕು.

ಕೇರಿಗೂ ಶಾಲೆಗೂ ಇರುವ ದೂರ

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ 1 ಕಿ.ಮೀ. ಒಳಗೆ, ಆರರಿಂದ ಎಂಟರವರಿಗೆ 3 ಕಿ.ಮೀ. ಒಳಗೆ ಶಾಲೆ ಇರಬೇಕೆಂಬುದು ಅದರ ನಿಯಮಗಳ ಆಶಯ. ಬಯಲಿನಲ್ಲಿ 3 ಕಿ.ಮೀ. ಎಂದರೆ ಸೈಕಲ್ ದಾರಿ. ಘಟ್ಟದಲ್ಲಿ ಅದೇ 3 ಕಿ.ಮೀ. ಎಂದರೆ ಎರಡು ಹಳ್ಳ, ಒಂದು ಏರು, ನಾಲ್ಕು ತಿಂಗಳ ಮಳೆ. ಮೂರು ನಾಲ್ಕು ಮನೆಗಳ ಕೇರಿಗೆ ಪ್ರತ್ಯೇಕ ಶಾಲೆ ತೆರೆಯುವುದೂ ಕಷ್ಟ. ಆದ್ದರಿಂದ ಚದುರಿದ ಸಮುದಾಯಕ್ಕೆ ಹಾಸ್ಟೆಲ್ ಇಲ್ಲದೆ ಪ್ರೌಢಶಾಲೆ ಇಲ್ಲ.

ಎರಡನೆಯ ಅಡ್ಡಿ ಭಾಷೆಯದ್ದು. ಮನೆಯಲ್ಲಿ ಕೊಂಕಣಿ ಬೆರೆತ ಮಾತನಾಡುವ ಮಗು ಒಂದನೆಯ ತರಗತಿಯಲ್ಲಿ ಪುಸ್ತಕದ ಕನ್ನಡವನ್ನು ಎದುರಿಸುತ್ತದೆ. ಅದು ಸುಮ್ಮನೆ ಕುಳಿತರೆ ದಡ್ಡತನ ಎಂದು ತಿಳಿಯಬಾರದು. ಉರ್ದು, ಬ್ಯಾರಿ, ನವಾಯತಿ ಮನೆಮಾತಿನ ನಮಗೆ ಈ ಅನುಭವ ಹೊಸದಲ್ಲ.

ಮೂರನೆಯದು ನಮ್ಮ ನೋಟದ ಅಡ್ಡಿ. ಗುಂಗುರು ಕೂದಲು, ಬಣ್ಣ ನೋಡಿ 'ನೀವು ಯಾವ ದೇಶದವರು?' ಎಂದು ಕೇಳುವ ಜನ ಪಟ್ಟಣಗಳಲ್ಲಿ ಇಂದಿಗೂ ಇದ್ದಾರೆ. ಶತಮಾನಗಳಿಂದ ಈ ಮಣ್ಣಿನಲ್ಲಿರುವವರಿಗೆ ಆ ಪ್ರಶ್ನೆ ಎಷ್ಟು ನೋಯಿಸುತ್ತದೆ! ಹಾಗೆಯೇ ಅವರೆಂದರೆ ಓಟ, ಅವರೆಂದರೆ ಕುಣಿತ ಎಂದು ತೀರ್ಮಾನಿಸುವುದೂ ಸರಿಯಲ್ಲ. 1987ರ ಸುಮಾರಿಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡುವ ಯೋಜನೆ ಆರಂಭಿಸಿತು. ಕೆಲವರು ರಾಷ್ಟ್ರಮಟ್ಟಕ್ಕೆ ಬೆಳೆದರು. ಆದರೆ 1990ರ ದಶಕದಲ್ಲಿ ಯೋಜನೆ ನಿಂತುಹೋಯಿತು, ಅದನ್ನೇ ನಂಬಿದ್ದ ಮಕ್ಕಳು ಊರಿಗೆ ಮರಳಬೇಕಾಯಿತು. ಕ್ರೀಡೆ ಬೇಕು, ಆದರೆ ಅದರ ಜೊತೆಗೆ ಎಲ್ಲರಿಗೂ ಸಿಗುವ ಓದು ಸಿಗಬೇಕು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ಶಾಸನಸಭೆ ಪ್ರವೇಶಿಸಿದ ಮೊದಲಿಗರು ಅವರು. ಪದವಿ ಓದಿದ ಒಬ್ಬರು ಎಲ್ಲಿಗೆ ತಲುಪಬಹುದು ಎಂಬುದಕ್ಕೆ ಇದು ಸಾಕ್ಷಿ.

ವಿದ್ಯಾರ್ಥಿಗಳು ಏನು ಮಾಡಬಹುದು?

2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ಗಣತಿ ನಡೆಸುವುದಾಗಿಯೂ, ಅದರಲ್ಲಿ ಎಲ್ಲ ಜಾತಿಗಳನ್ನು ಎಣಿಸುವುದಾಗಿಯೂ ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿತು. ಮೂರು ಜಿಲ್ಲೆಗಳ ಸಿದ್ದಿಗಳು ಒಂದೇ ಪಟ್ಟಿಯಲ್ಲಿ ಎಣಿಕೆಯಾಗಬೇಕಾದ ಮೊದಲ ಗಣತಿ ಇದು. ಗಣತಿದಾರರು ಮನೆಗೆ ಬಂದಾಗ ಕುಟುಂಬದವರು ಕೂಲಿಗೆಂದು ತೋಟಕ್ಕೋ ಗೋವಾಕ್ಕೋ ಹೋಗಿದ್ದರೆ, ಅಥವಾ ಹೆಸರು ತಪ್ಪಾಗಿ ಬರೆದರೆ, ಹತ್ತು ಸಾವಿರದ ಸಮುದಾಯದಲ್ಲಿ ನೂರು ಜನ ಬಿಟ್ಟುಹೋದರೂ ಅದು ಶೇಕಡಾ ಒಂದರಷ್ಟು. ದೊಡ್ಡ ಸಮುದಾಯಕ್ಕೆ ಇದು ಲೆಕ್ಕಕ್ಕಿಲ್ಲ, ಸಣ್ಣದಕ್ಕೆ ದೊಡ್ಡ ನಷ್ಟ.

ಆದ್ದರಿಂದ ಕಾಲೇಜಿನಲ್ಲಿ ಓದುವ ನೀವು ರಜೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಊರಿನ ಸುತ್ತ ಇರುವ ಯಾವುದೇ ಸಣ್ಣ ಸಮುದಾಯದ ಒಂದು ಕೇರಿಯನ್ನು ಆರಿಸಿಕೊಳ್ಳಿ. ಅವರ ಒಪ್ಪಿಗೆ ಪಡೆದು ಕೇರಿಯ ನಕ್ಷೆ ಬರೆಯಿರಿ. ಎಷ್ಟು ಮನೆ, ಎಷ್ಟು ಮಕ್ಕಳು, ಯಾವ ತರಗತಿಗೆ ಓದು ನಿಂತಿದೆ, ನಡೆದು ಹೋದರೆ ಶಾಲೆಗೆ ಎಷ್ಟು ಹೊತ್ತು, ಮಳೆಗಾಲದಲ್ಲಿ ಎಷ್ಟು ಹೊತ್ತು, ಯಾರ ಬಳಿ ಜಾತಿ ಪ್ರಮಾಣಪತ್ರ ಇದೆ, ಯಾರ ಬಳಿ ಇಲ್ಲ, ಅರಣ್ಯ ಹಕ್ಕಿನ ಅರ್ಜಿ ಗ್ರಾಮಸಭೆಯಲ್ಲಿ ಯಾವ ಹಂತದಲ್ಲಿದೆ ಎಂದು ಬರೆದುಕೊಳ್ಳಿ. ಬರೆದದ್ದರ ಒಂದು ಪ್ರತಿಯನ್ನು ಆ ಕೇರಿಯವರ ಕೈಯಲ್ಲೇ ಕೊಟ್ಟು ಬನ್ನಿ. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡಿ. ಇದು ಉಪಕಾರವಲ್ಲ. ನೀವು ಓದಿದ ಭೂಗೋಳವನ್ನು ಬಳಕೆಗೆ ತರುವುದಷ್ಟೇ.

ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೇ. ವಿದ್ಯಾರ್ಥಿವೇತನದ ಅರ್ಜಿಗಳನ್ನು ಕರೆಯುವಾಗ ಹಳಿಯಾಳ, ಮುಂಡಗೋಡದ ಕಾಡಂಚಿನ ಕೇರಿಗಳಿಗೂ ಸುದ್ದಿ ಮುಟ್ಟಲಿ. ಪಟ್ಟಣದ ಫಲಕದಲ್ಲಿ ಅಂಟಿಸಿದ ಪ್ರಕಟಣೆ ಅಲ್ಲಿಗೆ ತಾನಾಗಿ ತಲುಪುವುದಿಲ್ಲ, ಯಾರಾದರೂ ನಡೆದು ಹೋಗಿ ಹೇಳಬೇಕು.